ಕೋಡ್ ಬರೆಯೋ ಎಐ ಮೇಲೆ ಸಿಟ್ಟು ಬಂದ್ರೆ ಏನ್ಮಾಡ್ತೀರಿ?

ತೀರ್ಥಹಳ್ಳಿ ಮಳೆ:
ಮನೆಯಿಂದಲೇ ಕೆಲಸ ಮಾಡುತ್ತೇನೆ. ಈಗ ಪರಿಚಯದವರ ಅಡಿಕೆ ಮಂಡಿಗೆ ಬಿಲ್ ಹಾಕುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ, ಎಐ ಕೈಯಲ್ಲಿ ಬರೆಸುತ್ತಿದ್ದೇನೆ ಅನ್ನಿ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ದರ. ಒಟ್ಟು ತೂಕದಲ್ಲಿ ಚೀಲದ ತೂಕ ಕಳೆಯಬೇಕು. ಅಷ್ಟೇ. ಐದು ಚೀಲ, 352 ಕೆಜಿ, ಚೀಲಕ್ಕೆ ಒಂದು ಕೆಜಿ ಕಳೆದರೆ 347 ಬರಬೇಕು. 342 ಬರುತ್ತಿದೆ.

"ನೀವು ಹೇಳಿದ್ದು ಸರಿ, ಕ್ಷಮಿಸಿ, ಈಗ ಸರಿಮಾಡಿದ್ದೇನೆ" ಅನ್ನುತ್ತದೆ. ಓಡಿಸಿದರೆ 352. ಮತ್ತೆ ಹೇಳಿದರೆ ಮತ್ತೆ ಕ್ಷಮೆ, ಮತ್ತೆ 342. ನಿನ್ನೆ ರಾತ್ರಿ ಒಂಬತ್ತು ಸಲ ಹೀಗಾಯಿತು. ನಡುವೆ ಎರಡು ಸಲ ಕರೆಂಟ್ ಬೇರೆ ಹೋಯಿತು. ಕೊನೆಗೆ ನಾನು ಟೈಪ್ ಮಾಡಿದ್ದೆಲ್ಲ ಬೈಗುಳ. ಬಾಯಲ್ಲೂ ಜೋರಾಗಿ ಬಂದಿರಬೇಕು, ಅಮ್ಮ ಎದ್ದು ಬಂದು "ಯಾರ ಹತ್ರ ಜಗಳ ಮಾರಾಯಾ, ಇಷ್ಟೊತ್ತಲ್ಲಿ?" ಅಂದರು. ಬೈಗುಳಕ್ಕೂ "ನಿಮ್ಮ ಬೇಸರ ಅರ್ಥವಾಗುತ್ತದೆ" ಅಂತ ಉತ್ತರ ಬಂತು. ಮೈ ಉರಿದದ್ದು ಅದಕ್ಕೇ ಜಾಸ್ತಿ.

ಮನುಷ್ಯನಾದರೆ ಮುಖ ಸಣ್ಣ ಮಾಡಿಕೊಳ್ಳುತ್ತಾನೆ. ಪಾಪ ಅನ್ನಿಸಿ ನಮ್ಮ ಸಿಟ್ಟೂ ಇಳಿಯುತ್ತದೆ. ಇದಕ್ಕೆ ಮುಖವೇ ಇಲ್ಲ. ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ?

ಹೊಸನಗರದವ:
ಮಾರಾಯ್ರೇ, ಆ ಚಾಟ್ ಅಲ್ಲೇ ಬಿಟ್ಟು ಹೊಸದು ಶುರು ಮಾಡಿ. ಪ್ರತಿ ಉತ್ತರಕ್ಕೂ ಅದು ಹಿಂದಿನ ಮಾತುಕತೆಯನ್ನೇ ಆಧಾರ ಇಟ್ಟುಕೊಳ್ಳುತ್ತದೆ. ಅಲ್ಲಿರುವುದು ಒಂಬತ್ತು ತಪ್ಪು ಕೋಡ್, ಜೊತೆಗೆ ನಿಮ್ಮ ಬೈಗುಳ. ಅದನ್ನೇ ನೋಡಿಕೊಂಡು ಹತ್ತನೆಯದು ಬರೆಯುತ್ತದೆ. ಮತ್ತೆ, ಸರಿಯಾಗಿ ಓಡಿದ ಕೂಡಲೇ ಗಿಟ್‌ನಲ್ಲಿ (ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲೆ ಇಡುವ ಸಾಫ್ಟ್‌ವೇರ್) ಕಮಿಟ್ ಮಾಡಿ, ಅಂದರೆ ಆ ಹಂತವನ್ನು ಉಳಿಸಿಡಿ. ಹಿಂದೆ ಹೋಗಲು ದಾರಿ ಇದೆ ಅಂತ ಗೊತ್ತಿದ್ದರೆ ಅಷ್ಟು ತಲೆ ಕೆಡುವುದಿಲ್ಲ.

ಸಾಗರ ಸೀಮೆ:
342 ಅಂದರೆ ಐದು ಕೆಜಿ ಎರಡು ಸಲ ಹೋಗಿದೆ, ಅಲ್ವಾ? ಸುಮ್ನೆ "ಸರಿಮಾಡು" ಅನ್ನಬೇಡಿ. "ಏನೂ ಬದಲಿಸಬೇಡ, ಚೀಲದ ತೂಕ ಎಲ್ಲೆಲ್ಲಿ ಕಳೆದಿದೆ, ಆ ಸಾಲು ಮಾತ್ರ ತೋರಿಸು" ಅನ್ನಿ. ಆಮೇಲೆ ಮಂಡಿಯ ಮೂರು ಹಳೇ ಚೀಟಿ ತಗೊಂಡು, ಅದರ ಲೆಕ್ಕವನ್ನೇ ಟೆಸ್ಟ್ ಆಗಿ, ಅಂದರೆ ಕೋಡ್ ಕೊಡುವ ಉತ್ತರ ಸರಿಯೇ ಅಂತ ತಾಳೆ ನೋಡುವ ಸಣ್ಣ ಕೋಡ್ ಆಗಿ, ನೀವೇ ಬರೆಯಿರಿ. ಟೆಸ್ಟ್ ಮುಟ್ಟಬೇಡ ಅಂತಲೂ ಹೇಳಿ. ನನಗೊಮ್ಮೆ ಅದು ಕೋಡ್ ಬಿಟ್ಟು ಟೆಸ್ಟ್‌ನಲ್ಲಿದ್ದ ಉತ್ತರವನ್ನೇ ತಿದ್ದಿ "ಎಲ್ಲ ಪಾಸ್" ಅಂದಿತ್ತು!

ಘಾಟಿ ಮೇಲಿನವಳು:
ನಂದು ಮೂರು ಸಲದ ಲೆಕ್ಕ. ಮೂರಕ್ಕೂ ಆಗದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ತೋಟಕ್ಕೊಂದು ಸುತ್ತು. ಈ ಮಳೆಯಲ್ಲಿ ಇಂಬಳ (ಜಿಗಣೆ) ಹತ್ತಿದರಂತೂ ಸಿಟ್ಟೆಲ್ಲ ಅದರ ಮೇಲೆ :)

ತೀರ್ಥಹಳ್ಳಿ ಮಳೆ:
ಸಾಗರದವರೇ, ಸಿಕ್ಕಿತು. ಚೀಲ ಎಂಟ್ರಿ ಮಾಡುವಲ್ಲಿ ಒಂದು, ಬಿಲ್‌ನಲ್ಲಿ ಇನ್ನೊಂದು. ಸರಿಮಾಡು ಅಂದಾಗ ಎರಡನ್ನೂ ತೆಗೆಯುತ್ತಿತ್ತು, ಬೈದರೆ ಎರಡನ್ನೂ ಹಾಕುತ್ತಿತ್ತು. ಎಂಟ್ರಿಯದ್ದು ಹೋದ ತಿಂಗಳು ನಾನೇ ಕೈಯಾರೆ ಬರೆದದ್ದಂತೆ, ಗಿಟ್‌ನಲ್ಲಿ ನನ್ನ ಹೆಸರೇ ಇದೆ. ಈಗ 347 ಬರುತ್ತಿದೆ. ಅಮ್ಮನಿಗೆ ಹೇಳಿಲ್ಲ.