1,350 ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್: ನಮ್ಮದೇ ಓಎಸ್ ಕಟ್ಟಬೇಕೇ, ಇರುವುದನ್ನೇ ಒಗ್ಗಿಸಿಕೊಳ್ಳಬೇಕೇ?

ಬಸವನಗುಡಿ_ಐಟಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಶಿಕ್ಷಣ ಟ್ರಸ್ಟಿನಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಬಸವನಗುಡಿಯಿಂದ ಯಲಹಂಕದವರೆಗೆ ಒಂಬತ್ತು ಕ್ಯಾಂಪಸ್, ಕಚೇರಿ ಮತ್ತು ಲ್ಯಾಬ್ ಸೇರಿ 1,350 ಡೆಸ್ಕ್‌ಟಾಪ್. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮಲ್ಲಿ ಸುಮಾರು 800 ಮಷೀನುಗಳ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಒಪ್ಪುವುದಿಲ್ಲ. ಹಾಗಂತ ಅವು ಕೆಟ್ಟಿಲ್ಲ. 8 ಜಿಬಿ ರ‍್ಯಾಮ್ ಇದೆ, ಎರಡು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಇವನ್ನೆಲ್ಲ ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಬಹುದು. ಟ್ರಸ್ಟಿಗಳು ಹೇಳುವುದು: "ಲಿನಕ್ಸ್ ಹಾಕಿ, ನಮ್ಮ ಹೆಸರು, ಲಾಂಛನ ಇರುವ ನಮ್ಮದೇ ಓಎಸ್ ಮಾಡಿ." ತಂಡದಲ್ಲಿ ನಾನೂ ಸೇರಿ ನಾಲ್ವರು. ಅನುಭವ ಇರುವವರು ದಯವಿಟ್ಟು ಹೇಳಿ.

ಪೀಣ್ಯ_ಅಡ್ಮಿನ್
ಸರ್, ಸ್ವಂತ ಓಎಸ್ ಬೇಡ. ನಾನು ಇನ್ನೊಂದು ಸಂಸ್ಥೆಯಲ್ಲಿ ಅದನ್ನೇ ಮಾಡಿ ಅನುಭವಿಸಿದ್ದೇನೆ. ಉಬುಂಟು ಎಂಬ ಲಿನಕ್ಸ್ ಆವೃತ್ತಿ ತೆಗೆದುಕೊಂಡು, ಅದನ್ನು ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲು ಬಿಚ್ಚಿ, ಹೆಸರು ಬದಲಿಸಿ, ಬೇಕಾದ್ದು ತುಂಬಿ, ಬೇಡದ್ದು ಕಿತ್ತು "ನಮ್ಮದು" ಅಂದೆವು. ಮೊದಲ ವರ್ಷ ಚೆನ್ನಾಗಿತ್ತು. ಅದನ್ನು ಕಟ್ಟಿದ ಹುಡುಗ ಬೇರೆ ಕೆಲಸಕ್ಕೆ ಹೋದ. ಮುಂದಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಬಂದಾಗ ಯಾವ ಫೈಲು ಯಾಕೆ ಬದಲಾಗಿದೆ ಎಂದು ಹೇಳುವವರೇ ಇರಲಿಲ್ಲ. ಕೊನೆಗೆ 400 ಮಷೀನು ಅವಧಿ ಮೀರಿದ ಆವೃತ್ತಿಯಲ್ಲೇ ಉಳಿದವು.

ನಿಮಗೆ ಬೇಕಿರುವುದು ಓಎಸ್ ಅಲ್ಲ, ಒಂದು ಪ್ಯಾಕೇಜು. ಡೆಬಿಯನ್ (ಇನ್ನೊಂದು ಲಿನಕ್ಸ್ ಆವೃತ್ತಿ) ಅಥವಾ ಉಬುಂಟು ಎಲ್‌ಟಿಎಸ್ ಇದ್ದ ಹಾಗೇ ಇರಲಿ. ನಿಮ್ಮ ಬದಲಾವಣೆಯೆಲ್ಲ, ಅಂದರೆ ಬೇಕಾದ ತಂತ್ರಾಂಶಗಳ ಪಟ್ಟಿ, ಫಾಂಟು, ಪ್ರಿಂಟರ್, ಲಾಗಿನ್ ಪರದೆಯ ಲಾಂಛನ, ಎಲ್ಲವೂ ಒಂದೇ ಮೆಟಾಪ್ಯಾಕೇಜಿನಲ್ಲಿ (ಬೇಕಾದ್ದೆಲ್ಲವನ್ನೂ ಒಟ್ಟಿಗೆ ತರುವ ಪ್ಯಾಕೇಜು) ಕೂರಲಿ. ಅದನ್ನು ನಿಮ್ಮದೇ ಸಣ್ಣ ರೆಪಾಸಿಟರಿಯಲ್ಲಿ (ಪ್ಯಾಕೇಜುಗಳ ಸಂಗ್ರಹ) ಇಡಿ. ಟ್ರಸ್ಟಿಗಳಿಗೆ ಲಾಂಛನವೂ ಸಿಗುತ್ತದೆ, ನಿಮಗೆ ಐದು ವರ್ಷದ ಭದ್ರತಾ ಅಪ್‌ಡೇಟೂ ಸಿಗುತ್ತದೆ.

ಎಲೆಕ್ಟ್ರಾನಿಕ್‌ಸಿಟಿ_22
ಇದೆಲ್ಲ ಕೇಳಲು ಚೆಂದ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆಯ ಕಥೆ ಗೊತ್ತಲ್ಲ? 2003ರಲ್ಲಿ ತೀರ್ಮಾನ, ಹತ್ತು ವರ್ಷ ದುಡಿದು ಸುಮಾರು 15,000 ಮಷೀನಿಗೆ ಲಿಮಕ್ಸ್ ಎಂಬ ತಮ್ಮದೇ ಲಿನಕ್ಸ್ ಆವೃತ್ತಿ ಹಾಕಿದರು. 2017ರಲ್ಲಿ ಅದೇ ಪಾಲಿಕೆ ವಿಂಡೋಸ್‌ಗೆ ವಾಪಸು ಹೋಗುವ ನಿರ್ಣಯ ಮಾಡಿತು. ಅಷ್ಟು ಹಣ, ಅಷ್ಟು ಜನ ಇದ್ದ ಊರಿಗೇ ಆಗದ್ದು ನಾಲ್ಕು ಜನರ ತಂಡಕ್ಕೆ ಆಗುತ್ತಾ? ಲೈಸೆನ್ಸ್ ಬಿಟ್ಟಿ ಅಂತ ಹೊರಟವರು ಜನರ ಸಮಯಕ್ಕೆ ಬೆಲೆ ಕಟ್ಟುವುದೇ ಇಲ್ಲ.

ಪೀಣ್ಯ_ಅಡ್ಮಿನ್
ಮ್ಯೂನಿಕ್ ಉದಾಹರಣೆ ಕೊಡುವವರು ಫ್ರಾನ್ಸಿನ ಜಾಂಡಾರ್ಮರಿಯನ್ನೂ ನೋಡಬೇಕು ಸರ್. ಅದು ಅಲ್ಲಿನ ಅರೆಸೇನಾ ಪೊಲೀಸ್ ಪಡೆ. ಅವರು ಮೊದಲು ಓಎಸ್ ಮುಟ್ಟಲಿಲ್ಲ. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್, ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. ಜನ ಅವಕ್ಕೆ ಒಗ್ಗಿದ ಮೇಲೆ, 2008ರಿಂದ, ಕೆಳಗಿನ ಓಎಸ್ ಬದಲಿಸಿ ಉಬುಂಟು ತಂದರು. ಇವತ್ತು ಒಂದು ಲಕ್ಷಕ್ಕೂ ಹೆಚ್ಚು ಮಷೀನು ಅದರಲ್ಲೇ ನಡೆಯುತ್ತಿವೆ. ಬೆಳಗ್ಗೆ ಬಂದು ಕೂತವನಿಗೆ ಕಂಡದ್ದು ನಿನ್ನೆಯ ಅದೇ ಕಾರ್ಯಕ್ರಮಗಳು.

ಮ್ಯೂನಿಕ್‌ನಲ್ಲಿ ಇಲಾಖೆಗೊಂದು ಐಟಿ ಘಟಕ ಇತ್ತು, ಒಬ್ಬೊಬ್ಬರದು ಒಂದೊಂದು ದಾರಿ. ಲೆಟರ್‌ಹೆಡ್ ಮತ್ತು ಫಾರಂಗಳಿಗಾಗಿ ಅವರು ವೋಲ್‌ಮಕ್ಸ್ ಎಂಬ ತಂತ್ರಾಂಶವನ್ನೇ ಬರೆದುಕೊಳ್ಳಬೇಕಾಯಿತು. ಅಲ್ಲಿ ರಾಜಕೀಯವೂ ಇತ್ತು, ಅಲ್ಲ ಅನ್ನಲ್ಲ. ಆದರೆ ಲಿನಕ್ಸ್ ಓಡಲಿಲ್ಲ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಎಲೆಕ್ಟ್ರಾನಿಕ್‌ಸಿಟಿ_22
ಜಾಂಡಾರ್ಮರಿಯದು ಪೊಲೀಸ್ ಪಡೆ, ಮೇಲಿಂದ ಆದೇಶ ಬಂದರೆ ಪಾಲಿಸುತ್ತಾರೆ. ಕಾಲೇಜಿನ ಪ್ರಾಂಶುಪಾಲರಿಗೆ ಆದೇಶ ಕೊಟ್ಟು ನೋಡಿ.

ಲೆಕ್ಕದ_ಮೇಜು
ನಾನು ಇಂಥದ್ದೇ ಒಂದು ಸಂಸ್ಥೆಯ ಅಕೌಂಟ್ಸ್‌ನಲ್ಲಿದ್ದೇನೆ. ನಮಗೆ ಟ್ಯಾಲಿ ಬೇಕೇ ಬೇಕು, ಅದು ವಿಂಡೋಸ್‌ನದು. ರಿಟರ್ನ್ ಸಲ್ಲಿಸುವಾಗ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಬೇಕು. ಮಾರ್ಚ್ ಕೊನೆಯ ವಾರ ಅದು ಕೆಲಸ ಮಾಡದಿದ್ದರೆ ಬೈಸಿಕೊಳ್ಳುವವರು ನಾವು, ಐಟಿಯವರಲ್ಲ. ನಮ್ಮನ್ನು ಕೇಳದೆ ಇಂಥ ತೀರ್ಮಾನ ಮಾಡಬೇಡಿ.

ಬಸವನಗುಡಿ_ಐಟಿ
ಮೇಡಂ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಅಕೌಂಟ್ಸ್‌ನಲ್ಲಿ 26 ಸೀಟು. ಅವು ವಿಂಡೋಸ್‌ನಲ್ಲೇ ಉಳಿದರೆ ತಪ್ಪೇನು?

ಪೀಣ್ಯ_ಅಡ್ಮಿನ್
ಏನೂ ತಪ್ಪಿಲ್ಲ. 26 ಅಲ್ಲ, 60 ಉಳಿದರೂ ಸರಿ. ಟ್ಯಾಲಿ, ಸಹಿ ಟೋಕನ್, ಆಟೋಕ್ಯಾಡ್ ಲ್ಯಾಬು, ಹೊರಗಿನವರು ಪರೀಕ್ಷೆ ನಡೆಸಲು ಬಾಡಿಗೆಗೆ ಪಡೆಯುವ ಲ್ಯಾಬು, ಇವನ್ನೆಲ್ಲ ಮೊದಲೇ ಎಣಿಸಿ ಪಕ್ಕಕ್ಕಿಡಿ. ವೈನ್ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಹಾಕಿ ಟ್ಯಾಲಿ ಓಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಲೆಕ್ಕಪತ್ರದ ಮಷೀನಿನ ಹತ್ತಿರ ಅವರನ್ನು ಬಿಡಬೇಡಿ. ಲಿನಕ್ಸ್‌ನಿಂದಲೇ ಟ್ಯಾಲಿ ಬೇಕೆಂದರೆ ಒಂದು ವಿಂಡೋಸ್ ಸರ್ವರ್ ಇಟ್ಟು ರೆಮಿನಾ ಎಂಬ ತಂತ್ರಾಂಶದಿಂದ ರಿಮೋಟ್ ಡೆಸ್ಕ್‌ಟಾಪ್ ಮಾಡಬಹುದು, ಅಂದರೆ ಆ ಸರ್ವರ್‌ನ ಪರದೆಯನ್ನು ದೂರದಿಂದ ಬಳಸಬಹುದು. ಆದರೆ ಅದಕ್ಕೆ ಬೇರೆ ಲೈಸೆನ್ಸ್ ಬೇಕು, ಲೆಕ್ಕ ಹಾಕಿ ನೋಡಿ.

ಕಗಪ_ಬೆರಳು
ನಾನು ಐಟಿಯವಳಲ್ಲ. ರಾಜಾಜಿನಗರದ ಒಂದು ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಟೈಪಿಂಗ್. ಎಲ್ಲರೂ ಟ್ಯಾಲಿ, ಸರ್ವರ್ ಅನ್ನುತ್ತಿದ್ದೀರಿ, ಕನ್ನಡದ ಮಾತೇ ಬಂದಿಲ್ಲ. ನಮ್ಮ ಆಡಳಿತ ಮಂಡಳಿಯ ನಡಾವಳಿ, ಸುತ್ತೋಲೆ, ನೇಮಕಾತಿ ಆದೇಶ ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿವೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತ ಅಲ್ಲ, ಹಳೇ ನುಡಿ ಫಾಂಟು. ಕಳೆದ ವರ್ಷ ಒಬ್ಬರು ಬಂದು ಒಂದು ಮಷೀನಿಗೆ ಲಿನಕ್ಸ್ ಹಾಕಿಹೋದರು. ಫೈಲು ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಕೊಂಬು ಬಾಲ ಹಚ್ಚಿದ ಯುರೋಪಿನ ಅಕ್ಷರ. ಹತ್ತು ವರ್ಷದ ಕೆಲಸ ಹೋಯಿತು ಎಂದು ನನಗೆ ಕೈಕಾಲು ತಣ್ಣಗಾಯಿತು. ಇದಕ್ಕೆ ಉತ್ತರ ಹೇಳಿ, ಆಮೇಲೆ ಉಳಿದದ್ದು ಮಾತಾಡೋಣ.

ಬೂಟ್_ಬನಶಂಕರಿ
ಮೇಡಂ, ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯ ಪ್ರಶ್ನೆ ನಿಮ್ಮದು. ನಾನು ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಫೈಲು ಹೋಗಿಲ್ಲ. ಆ ಹಳೇ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸಿದ್ದಾರೆ. ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಸಂಕೇತ ಕಾಣುತ್ತದೆ. ಅದೇ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿದರೆ ಓದಲು, ಮುದ್ರಿಸಲು ಬರುತ್ತದೆ. ಬಂದವರು ಅದನ್ನು ಮಾಡದೆ ಹೋದರು, ಅಷ್ಟೇ.

ಆದರೆ ಅಲ್ಲಿಗೆ ನಿಲ್ಲಬಾರದು. ಅಂಥ ಕಡತದಲ್ಲಿ ಹೆಸರು ಹುಡುಕಲು ಆಗಲ್ಲ, ಅಕಾರಾದಿಯಾಗಿ ಜೋಡಿಸಲು ಆಗಲ್ಲ. ಯೂನಿಕೋಡ್‌ಗೆ ತರಲೇಬೇಕು, ಲಿನಕ್ಸ್ ಬರಲಿ ಬಿಡಲಿ. ಅದರಲ್ಲಿ ಎರಡು ಕಷ್ಟ. ಒಂದು, ಹಳೇ ಫಾಂಟಿನಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. "ಧರ್ಮ"ದ ಅರ್ಕಾವತ್ತು "ಮ" ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಒತ್ತಕ್ಷರ, ಗುಣಿತದ ಕ್ರಮವೂ ಹಾಗೇ ಹಿಂದುಮುಂದು. ಒಳ್ಳೆಯ ಪರಿವರ್ತಕ ಇದನ್ನು ಸರಿಮಾಡುತ್ತದೆ. ಎರಡನೆಯದು ನಮ್ಮನ್ನು ಹೆಚ್ಚು ಕಾಡಿದ್ದು: ಕಡತದ ನಡುವೆ ನಿಜವಾದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇರುತ್ತವೆ. ಎಲ್ಲವನ್ನೂ ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ಅವೂ ಕನ್ನಡದ ಚೂರುಗಳಾಗಿ ಹಾಳಾಗುತ್ತವೆ. ನಾವು ಮಾಡಿದ್ದು ಹೀಗೆ: ವರ್ಡ್‌ನ ಹಳೇ ಡಾಕ್ ಫೈಲುಗಳನ್ನು ಲಿಬ್ರೆಆಫೀಸ್ (ಉಚಿತ ಆಫೀಸ್ ತಂತ್ರಾಂಶ) ಬಳಸಿ ಒಟ್ಟಿಗೆ ಹೊಸ ಡಾಕ್ಸ್‌ಎಕ್ಸ್ ಮಾದರಿಗೆ ಮಾಡಿಕೊಂಡೆವು. ಡಾಕ್ಸ್‌ಎಕ್ಸ್ ಒಳಗೆ ಪ್ರತಿ ತುಣುಕಿಗೂ ಯಾವ ಫಾಂಟು ಎಂದು ಬರೆದಿರುತ್ತದೆ. ನುಡಿ ಫಾಂಟಿನ ತುಣುಕುಗಳನ್ನು ಮಾತ್ರ ಪರಿವರ್ತಿಸುವ ಪೈಥಾನ್ ಸ್ಕ್ರಿಪ್ಟ್ ಬರೆದೆವು. ಮೂಲ ಫೈಲನ್ನು ಅಳಿಸಲಿಲ್ಲ, ಪಕ್ಕದಲ್ಲೇ ಪಿಡಿಎಫ್ ಪ್ರತಿಯನ್ನೂ ಇಟ್ಟೆವು.

ಟೈಪಿಂಗ್ ಬಗ್ಗೆ ಹೆದರಬೇಡಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಮೊದಲಿಂದಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಅರ್ಧಾಕ್ಷರಕ್ಕೆ ಎಫ್ ಕೀಲಿಯೇ.

ಕಗಪ_ಬೆರಳು
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಆದರೆ "ಸಾಫ್ಟ್‌ವೇರ್" ಎಂದು ಬರೆದರೆ ವ ಹೋಗಿ ಒತ್ತಾಗಿ ಕೂರುತ್ತದೆ, ಅದನ್ನು ಬಿಡಿಸುವ ಕೀಲಿ ಯಾವುದು ಎಂದು ತರಬೇತಿಯ ಮೊದಲ ದಿನವೇ ತೋರಿಸಿ. ಅದು ಗೊತ್ತಾಗದೆ ಎಷ್ಟೋ ಜನ ಹಳೇ ಫಾಂಟಿಗೆ ವಾಪಸು ಹೋಗಿದ್ದಾರೆ.

ವಿಜಯನಗರ_ಲ್ಯಾಬ್
ಶಾಲೆಗಳ ಮಾತು ಬಂದಾಗ ಕೇರಳವನ್ನು ಬಿಡಬಾರದು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, ಈಗ ಅದು ಕೈಟ್. ಉಬುಂಟು ಆಧಾರದ ತಮ್ಮದೇ ಆವೃತ್ತಿಯನ್ನು ಸರ್ಕಾರಿ ಶಾಲೆಗಳಿಗೆಲ್ಲ ಕೊಡುತ್ತಾರೆ. ಹಾಗಾದರೆ ಸ್ವಂತ ಆವೃತ್ತಿ ತಪ್ಪು ಎಂದು ಅಷ್ಟು ಖಡಾಖಂಡಿತವಾಗಿ ಹೇಳಬಹುದೇ? ನಮ್ಮಲ್ಲೇ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ 2007ರಿಂದ ಇದೆ, ಡೆಬಿಯನ್ ಆಧಾರದ್ದು.

ಪೀಣ್ಯ_ಅಡ್ಮಿನ್
ಒಳ್ಳೆಯ ಪ್ರಶ್ನೆ. ಕೇರಳದಲ್ಲಿ ಅದರ ಹಿಂದೆ ಒಂದು ಇಡೀ ಸಂಸ್ಥೆ ಇದೆ, ತರಬೇತಿ ಪಡೆದ ಮೇಷ್ಟ್ರುಗಳಿದ್ದಾರೆ, ಪಠ್ಯವೂ ಅದರ ಮೇಲೇ ಇದೆ. ಓಎಸ್ ಅಲ್ಲಿ ಆ ಎಲ್ಲ ಕೆಲಸದ ತುದಿ ಮಾತ್ರ. ನಾಲ್ಕು ಜನರಿಗೆ ಆ ಭಾರ ಬೇಡ ಎಂದೆ. 40 ಜನ ಇದ್ದರೆ ನನ್ನ ಮಾತು ಬೇರೆ ಇರುತ್ತಿತ್ತು.

ಬೂಟ್_ಬನಶಂಕರಿ
ಸಿಬ್ಬಂದಿಯ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಲಿನಕ್ಸ್ ಸರ್ವರ್ ಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ಡೆಸ್ಕ್‌ಟಾಪ್ ಬಲ್ಲವರು ಕಡಿಮೆ. ಸರ್ವರ್‌ಗೆ ಪ್ರಿಂಟರ್ ಇಲ್ಲ, ಪ್ರೊಜೆಕ್ಟರ್ ಇಲ್ಲ, ಪಾಸ್‌ವರ್ಡ್ ಮರೆತ ಉಪನ್ಯಾಸಕರಿಲ್ಲ. ಸಂದರ್ಶನದಲ್ಲಿ ಡಾಕರ್‌ನಂಥ ಸರ್ವರ್ ಸಾಧನಗಳ ಬಗ್ಗೆ ಕೇಳಬೇಡಿ, "ಇಲಾಖೆಯ ಪಿನ್ ಕೇಳುವ ಜೆರಾಕ್ಸ್ ಮಷೀನಿಗೆ ಕಪ್ಸ್‌ನಿಂದ ಮುದ್ರಿಸುವುದು ಹೇಗೆ" ಎಂದು ಕೇಳಿ. (ಕಪ್ಸ್ ಅಂದರೆ ಲಿನಕ್ಸ್‌ನ ಮುದ್ರಣ ವ್ಯವಸ್ಥೆ.)

ಅಪ್‌ಡೇಟ್‌ಗೆ ಒಳಗೇ ಮಿರರ್ (ಅಪ್‌ಡೇಟ್‌ಗಳ ಸ್ಥಳೀಯ ಪ್ರತಿ) ಇಡಿ. ಇಲ್ಲದಿದ್ದರೆ ಸೋಮವಾರ ಬೆಳಗ್ಗೆ ಸಾವಿರ ಮಷೀನು ಒಟ್ಟಿಗೆ ಡೌನ್‌ಲೋಡ್ ಶುರುಮಾಡಿ ಆನ್‌ಲೈನ್ ತರಗತಿಗಳು ನಿಂತುಹೋಗುತ್ತವೆ. ಮೊದಲು ನಿಮ್ಮ ಕೋಣೆಯ 20 ಮಷೀನು, ವಾರ ಬಿಟ್ಟು 200, ಆಮೇಲೆ ಉಳಿದವು. ಲಾಗಿನ್‌ಗೆ ಈಗಿರುವ ಆಕ್ಟಿವ್ ಡೈರೆಕ್ಟರಿಯನ್ನೇ (ವಿಂಡೋಸ್‌ನ ಬಳಕೆದಾರರ ಖಾತೆಗಳ ವ್ಯವಸ್ಥೆ) ಎಸ್‌ಎಸ್‌ಎಸ್‌ಡಿ ಎಂಬ ಲಿನಕ್ಸ್ ತಂತ್ರಾಂಶದ ಮೂಲಕ ಬಳಸಿ. ಓಎಸ್, ಪಾಸ್‌ವರ್ಡ್ ಎರಡನ್ನೂ ಒಂದೇ ದಿನ ಬದಲಿಸಬೇಡಿ.

ಎಲೆಕ್ಟ್ರಾನಿಕ್‌ಸಿಟಿ_22
ಇಷ್ಟು ಎಚ್ಚರದಿಂದ ಮಾಡುವುದಾದರೆ ನನ್ನ ವಿರೋಧ ಅರ್ಧ ಕಡಿಮೆಯಾಯಿತು. ಉಳಿದರ್ಧ ಹೀಗಿದೆ: ಉಳಿಸಿದ ಲೈಸೆನ್ಸ್ ಹಣವನ್ನು ಟ್ರಸ್ಟಿಗಳು ಬೇರೆಡೆಗೆ ತಿರುಗಿಸಿಬಿಡುತ್ತಾರೆ. ಅದರಲ್ಲಿ ಇಬ್ಬರನ್ನಾದರೂ ಸೇರಿಸಿಕೊಳ್ಳುತ್ತೇವೆ ಎಂದು ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಶುರುಮಾಡಬೇಡಿ.

ಬಸವನಗುಡಿ_ಐಟಿ
ಈ ಮಾತನ್ನು ಇದ್ದ ಹಾಗೇ ಸಭೆಗೆ ಒಯ್ಯುತ್ತೇನೆ. ಇಬ್ಬರ ನೇಮಕ ಮೊದಲು, ಮಷೀನು ಆಮೇಲೆ. ಸ್ವಂತ ಓಎಸ್ ಕೈಬಿಟ್ಟೆ, ಡೆಬಿಯನ್ ಮೇಲೆ ಒಂದು ಪ್ಯಾಕೇಜು. ಈ ತಿಂಗಳು ಎಲ್ಲ ವಿಂಡೋಸ್ ಮಷೀನುಗಳಿಗೂ ಲಿಬ್ರೆಆಫೀಸ್ ಹಾಕುತ್ತೇವೆ, ಓಎಸ್ ಮುಟ್ಟುವುದಿಲ್ಲ. ಜೊತೆಗೆ ಯಲಹಂಕದ ಕಚೇರಿಯ ಕನ್ನಡ ಕಡತಗಳ ಪರಿವರ್ತನೆ ಶುರು.

ಕಗಪ_ಬೆರಳು ಮೇಡಂ, ಸ್ಕ್ರಿಪ್ಟ್ ಪರೀಕ್ಷಿಸಲು ಕಷ್ಟದ ಫೈಲು ಬೇಕು. ಗೋಪ್ಯವಲ್ಲದ ಯಾವುದಾದರೂ ನಿಮ್ಮ ಹತ್ತಿರ ಇದೆಯೇ?

ಕಗಪ_ಬೆರಳು
ಇದೆ. 2006ರ ವಾರ್ಷಿಕೋತ್ಸವದ ಆಮಂತ್ರಣ. ಒಂದೇ ಪುಟದಲ್ಲಿ ಮೂರು ಫಾಂಟು, ನಡುನಡುವೆ ಇಂಗ್ಲಿಷ್ ಹೆಸರು, ಕೊನೆಯಲ್ಲಿ ಕೋಷ್ಟಕ. ಪ್ರಾಂಶುಪಾಲರನ್ನು ಕೇಳಿ ನಾಳೆ ಕಳಿಸುತ್ತೇನೆ. ಸಾಲಿನಿಂದ ಸಾಲಿಗೆ ತಾಳೆ ನೋಡುವ ಕೆಲಸ ನನಗೇ ಬಿಡಿ.