ಪದ್ಮಿನಿಗೆ ಡಿಸ್ಕ್ ಹಾಕಿಸಿದ ಮೇಲೆ ಬ್ರೇಕೇ ಹಿಡಿಯುತ್ತಿಲ್ಲ

ಪದ್ಮಿನಿ86, ಬಳ್ಳಾರಿ:
ನಮ್ಮಪ್ಪನ 1986ರ ಪ್ರೀಮಿಯರ್ ಪದ್ಮಿನಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ಹೋದ ತಿಂಗಳು ಮುಂದಿನ ಎರಡಕ್ಕೆ ಡಿಸ್ಕ್ ಹಾಕಿಸಿ, ಬೂಸ್ಟರ್ (ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ ಕಾಲಿನ ಒತ್ತಿಗೆ ಬಲ ಸೇರಿಸುವುದು) ಮತ್ತು ಬೇರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು) ಕೂರಿಸಿದೆ. ಈಗ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಎಷ್ಟು ಒತ್ತಿದರೂ ಗಾಡಿ ಜಾರಿಕೊಂಡೇ ಹೋಗುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಅರ್ಧ ಗಂಟೆ ಓಡಿಸಿದ ಮೇಲೆ ಜಾಸ್ತಿ. ಮೊನ್ನೆ ಸಂಡೂರು ಕಡೆಯಿಂದ ಇಳಿದು ಬರುವಾಗ ಮುಂದಿದ್ದ ಅದಿರಿನ ಲಾರಿ ನಿಂತುಬಿಟ್ಟಿತು, ಎರಡನೇ ಗೇರಿಗೆ ತಂದು ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ, ಪಕ್ಕದಲ್ಲಿ ಅಮ್ಮ ಕೂತಿದ್ದರು. ಬ್ರೇಕ್ ಪೈಪಿನ ಗಾಳಿ ತೆಗೆಯುವ ಬ್ಲೀಡಿಂಗ್ ಮೂರು ಸಲ ಆಗಿದೆ. ಇನ್ನೇನು ನೋಡಲಿ?

ಹೊಸಪೇಟೆ ಹಳೇಗಾಡಿ:
ಮೊದಲು ಗಾಡಿ ರೋಡಿಗೆ ಇಳಿಸಬೇಡಿ ಅಣ್ಣ, ಇದು ಸರಿಯಾಗುವವರೆಗೂ. ಇನ್ನು ಬ್ಲೀಡಿಂಗ್ ಸಾಕು. ಗಾಳಿ ಸೇರಿದ್ದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿತ್ತು, ನಿಮ್ಮದು ಗಟ್ಟಿ ಅಲ್ವಾ.
ಡ್ರಮ್‌ನಲ್ಲಿ ತಿರುಗುವ ಡ್ರಮ್ಮೇ ಒಳಗಿನ ಬ್ರೇಕ್ ಶೂನ ಎಳೆದು ಇನ್ನೂ ಬಿಗಿಯಾಗಿ ಕಚ್ಚಿಸುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ, ನೀವು ಎಷ್ಟು ಒತ್ತುತ್ತೀರೋ ಅಷ್ಟೇ ಹಿಡಿತ. ಅದಕ್ಕೇ ಬೂಸ್ಟರ್ ಬೇಕಾಗುವುದು. ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಗಾಡಿ ಬಿಸಿ ಇದ್ದಾಗಲೂ ಇದನ್ನೇ ಮಾಡಿ ನೋಡಿ, ನಿಮ್ಮ ತೊಂದರೆ ಬರುವುದೇ ಆವಾಗ.

ರಾಯಚೂರು ಮಾಮ:
ಮಾಸ್ಟರ್ ಸಿಲಿಂಡರ್ ಬೋರ್, ಅಂದರೆ ಒಳಗಿನ ಅಗಲ, ಎಷ್ಟಿದೆ? ದೊಡ್ಡದಾದಷ್ಟೂ ಒಳ್ಳೆಯದು ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ಮುಕ್ಕಾಲು ಇಂಚಿನ ಜಾಗದಲ್ಲಿ ಒಂದು ಇಂಚಿನದು ಕೂರಿಸಿದರೆ, ಅಷ್ಟೇ ಬಲಕ್ಕೆ ಪೈಪಿನ ಒತ್ತಡ ಸುಮಾರು 44 ಪರ್ಸೆಂಟ್ ಕಡಿಮೆ ಬರುತ್ತದೆ. ಪೆಡಲ್ ಮಾತ್ರ ಗಟ್ಟಿ! ಹಾಗಂತ ತೀರಾ ಸಣ್ಣದು ಹಾಕಿದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿಗೆ ಹೊಂದಬೇಕು. ಜಾಕ್ ಹಾಕಿ ಮುಂದಿನ ಚಕ್ರ ಕೈಯಿಂದ ತಿರುಗಿಸಿಯೂ ನೋಡಿ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡ ಹಿಡಿದಿಡುವ ವಾಲ್ವ್ ಇರಬಹುದು, ಅದಿದ್ದರೆ ಪ್ಯಾಡ್ ಬಿಡದೆ ಉಜ್ಜಿ ಡಿಸ್ಕ್ ಬಿಸಿಯಾಗುತ್ತದೆ.

ಪದ್ಮಿನಿ86:
ಸಿಕ್ಕಿತು ಅಣ್ಣ! ತಣ್ಣಗಿದ್ದಾಗ ಪೆಡಲ್ ಇಳಿಯಿತು, ಬಿಸಿಯಾದ ಮೇಲೆ ಅಲ್ಲಾಡಲೇ ಇಲ್ಲ. ಬಾನೆಟ್ ಎತ್ತಿ ತಮ್ಮನನ್ನು ನಿಲ್ಲಿಸಿ ಎಂಜಿನ್ ಓಡಿಸಿದೆ. ಎಂಜಿನ್ನಿನ ಮ್ಯಾನಿಫೋಲ್ಡಿನಿಂದ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ತಿರುವಿನ ಹತ್ತಿರ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು, ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮೆಲ್ಲಗೆ ಗುಂಡಗಾಯಿತು. ಪೆಟ್ರೋಲಿಗೆ ಹಾಕುವ ತೆಳು ರಬ್ಬರ್ ಪೈಪ್ ಹಾಕಿಬಿಟ್ಟಿದ್ದಾರೆ. ಚಕ್ರ ಸಲೀಸಾಗಿ ತಿರುಗುತ್ತದೆ.

ಹೊಸಪೇಟೆ ಹಳೇಗಾಡಿ:
ನಮ್ಮ ಕಡೆ ಬಿಸಿಲಿಗೆ ಬಾನೆಟ್ ಒಳಗೆ ಅದು ಮೆತ್ತಗಾಗದೆ ಇನ್ನೇನು. ಒಳಗೆ ನೂಲಿನ ಪದರ ಇರುವ ದಪ್ಪ ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ ತನ್ನಿ, ಹೊಸ ಕ್ಲಿಪ್ ಹಾಕಿ. ಆ ಪೈಪಿನ ಒನ್‌ವೇ ವಾಲ್ವನ್ನು ಬಾಯಲ್ಲಿ ಊದಿ ನೋಡಿ, ಒಂದೇ ಕಡೆ ಗಾಳಿ ಹೋಗಬೇಕು. ಹಿಂದಿನ ಡ್ರಮ್ ಶೂ ಅಡ್ಜಸ್ಟ್ ಮಾಡಿಸುವುದು ಮರೆಯಬೇಡಿ.

ಪದ್ಮಿನಿ86:
ಪೈಪ್ ಬದಲಾಯಿಸಿದೆ. ಊರಾಚೆ ಖಾಲಿ ಮೈದಾನದಲ್ಲಿ ಒಂದು ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡಿ ನೋಡಿದೆ, ಒಂದೇ ಕಾಲಿಗೆ ನಿಲ್ಲುತ್ತಿದೆ. ಬೋರ್ ಮುಕ್ಕಾಲು ಇಂಚೇ ಇದೆ ಮಾಮ. ಹಿಂದಿನ ಶೂ ಕೆಲಸ ನಾಳೆ, ಅದಾದ ಮೇಲೆಯೇ ಅಮ್ಮನನ್ನು ಕೂರಿಸುತ್ತೇನೆ.