ಸಹಾಯ ಬೇಕು: ವಿಕಾಸವಾದ ಒಪ್ಪಿದ್ರೆ ಆದಾಮನ ವಿಷಯ ಹೇಗೆ ಹೇಳೋದು?

ಎಲ್ರಿಗೂ ವಂದನೆ. ಮಗಳು ಬಯಾಲಜಿ ಓದ್ತಿದಾಳೆ, ವಿಕಾಸವಾದ ಒಪ್ಕೊಂಡ್ರೆ ಬೈಬಲ್ ಬಿಡ್ಬೇಕಾ ಅಂತ ನೇರವಾಗಿ ಕೇಳ್ತಾಳೆ. ಆರು ದಿನದ ಸೃಷ್ಟಿ ಬಗ್ಗೆ ನಂಗೆ ಅಷ್ಟು ಕಷ್ಟ ಆಗ್ಲಿಲ್ಲ, ಯಾಕಂದ್ರೆ ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ, ಅದಕ್ಕೂ ಸಾವಿರ ವರ್ಷಕ್ಕಿಂತ ಎಷ್ಟೋ ಮೊದ್ಲೇ ಆದಿ ಸಭೆಯ ದೇವಶಾಸ್ತ್ರಜ್ಞ ಸಂತ ಅಗಸ್ಟಿನ್, ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಬರೋ ಸೃಷ್ಟಿಯ ದಿನಗಳನ್ನ ನಮ್ಮ ಮಾಮೂಲಿ ದಿನ ಅಂತ ತಗೋಬೇಕಿಲ್ಲ ಅಂತ ಬರೆದಿದ್ರು. ಮನುಷ್ಯನ ಡಿಎನ್‌ಎ ಓದಿದ ಜೀನೋಮ್ ಪ್ರಾಜೆಕ್ಟ್ ನಡೆಸಿದ ವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್ ವಿಶ್ವಾಸಿನೇ, ಅದನ್ನೂ ಹೇಳಿದೆ.

ಸಿಕ್ಕಾಕೊಂಡಿರೋದು ಆದಾಮನ ಹತ್ರ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಒಬ್ಬ ಮನುಷ್ಯನಿಂದ (ಅಂದ್ರೆ ಆದಾಮನಿಂದ) ಪಾಪ ಬಂತು, ಪಾಪದಿಂದ ಮರಣ ಬಂತು ಅಂತಾನೆ, ಆದ್ರೆ ಫಾಸಿಲ್ ನೋಡಿದ್ರೆ ಮನುಷ್ಯರು ಬರೋಕೆ ಕೋಟ್ಯಂತರ ವರ್ಷ ಮುಂಚೆನೇ ಪ್ರಾಣಿಗಳು ಸಾಯ್ತಿದ್ವು, ಜೆನೆಟಿಕ್ಸ್‌ನೋರು ನಮ್ಮ ಪೂರ್ವಜರು ಇಬ್ರಲ್ಲ ಸಾವಿರಾರು ಜನರ ಗುಂಪು ಅಂತಾರೆ. ಪೌಲ ಹೇಳಿದ ಮರಣ ಆತ್ಮಿಕ ಮರಣ ಅಂದೆ. ಹಾಗಾದ್ರೆ ಯೇಸು ಸತ್ತಿದ್ದು ದೇಹದಲ್ಲೇ ಅಲ್ವಾ ಅಂದ್ಳು! (ಒಳ್ಳೆ ಪ್ರಶ್ನೆನೇ.)

ಪೋಪ್ ಹನ್ನೆರಡನೇ ಪಯಸ್ 1950ರಲ್ಲಿ ದೇಹದ ವಿಕಾಸದ ಬಗ್ಗೆ ಚರ್ಚೆ ಮಾಡ್ಬಹುದು, ಆತ್ಮ ಮಾತ್ರ ನೇರವಾಗಿ ದೇವರ ಸೃಷ್ಟಿ ಅಂದ್ರು, ಆದ್ರೆ ಎಲ್ರೂ ಒಬ್ಬ ಆದಾಮನ ಸಂತತಿ ಅನ್ನೋದನ್ನ ಬಿಡ್ಲಿಲ್ಲ. ಅಲ್ಲಿಗೆ ಮತ್ತೆ ಅದೇ ಗಂಟು.

ದೇವಶಾಸ್ತ್ರ ಓದಿರೋರು ಯಾರಾದ್ರೂ ಇದ್ರೆ ರೋಮಾಪುರದವರಿಗೆ ಪತ್ರದ ಆ 5ನೇ ಅಧ್ಯಾಯನ ನೀವು ಹೇಗೆ ಅರ್ಥ ಮಾಡ್ಕೊಂಡಿದೀರ ಹೇಳಿ ಪ್ಲೀಸ್. ಕನ್ನಡದಲ್ಲಿ ಓದೋಕೆ ಏನಾದ್ರೂ ಇದ್ರೆ ಇನ್ನೂ ಒಳ್ಳೇದು. ವಿಜ್ಞಾನ ಎಲ್ಲ ಸುಳ್ಳು, ಸುಮ್ನೆ ನಂಬು ಅನ್ನೋ ಉತ್ತರ ದಯವಿಟ್ಟು ಬೇಡ, ಅವಳು ಕೇಳಲ್ಲ, ನಂಗೂ ಸರಿ ಅನ್ಸಲ್ಲ.